ನಾನೇ ಹುಡುಕಿಕೊಟ್ಟ ಒಡತಿ

ಕೆಲವು ತಿಂಗಳ ಕಾಲ ನಾನು ಕಚೇರಿಯಲ್ಲಿ ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೆ: “ಕೊಂಡ ಮೇಲೆ ಆ ಮನೆಯಲ್ಲಿ ನೀವೇ ವಾಸ ಇರ್ತೀರಾ?” ಕೆಲವರು ಕೂಡಲೇ ಹೌದು ಎನ್ನುತ್ತಿದ್ದರು. ಕೆಲವರು “ಸದ್ಯಕ್ಕಂತೂ ಹೌದು” ಎಂದು ನಗುತ್ತಿದ್ದರು. “ಹೆಂಡತಿಯನ್ನು ಕೇಳಿ ಬರ್ತೇನೆ” ಎಂದು ಎದ್ದುಹೋದ ಪ್ರೊಫೆಸರೊಬ್ಬರು ಮತ್ತೆ ನಮ್ಮ ವಿಭಾಗದ ಕಡೆ ಸುಳಿಯಲಿಲ್ಲ.

ನಾನು ಉಡುಪಿ ಕಡೆಯವಳು. ಮದುವೆಯಾಗಿ ಒಮಾನಿಗೆ ಬಂದೆ. ಗಂಡ ಎ.ಸಿ. ಕಂಪನಿಯೊಂದರಲ್ಲಿ ಸೂಪರ್‌ವೈಸರ್, ನಾನು ಮಸ್ಕತ್ತಿನ ಅಂಚಿನಲ್ಲಿರುವ ಒಂದು ಖಾಸಗಿ ವಿಶ್ವವಿದ್ಯಾಲಯದ ಸಿಬ್ಬಂದಿ ವಿಭಾಗದಲ್ಲಿ ಗುಮಾಸ್ತೆ. ಆ ವಿಶ್ವವಿದ್ಯಾಲಯದ ಹಿಂದಿನ ಗೇಟು ದಾಟಿದರೆ ಒಂದು ಹಳೆಯ ವಸತಿ ಸಿಗುತ್ತದೆ. ಎರಡು ಅಂತಸ್ತಿನ ಕೆನೆಬಣ್ಣದ ಮನೆಗಳು, ಎತ್ತರದ ಕಾಂಪೌಂಡು, ಪ್ರತಿ ತಾರಸಿಯ ಮೇಲೂ ನೀರಿನ ಟ್ಯಾಂಕು. ಮನೆಗಳ ಬೆನ್ನಿಗೆ ವಾದಿ, ಅಂದರೆ ವರ್ಷದಲ್ಲಿ ಯಾವಾಗಲೋ ಒಮ್ಮೆ ಮಳೆ ಬಿದ್ದಾಗ ಮಾತ್ರ ನೀರು ಹರಿಯುವ ಕಲ್ಲುಹಾಸಿನ ಹೊಳೆ. ಅಲ್ಲಿಯ ಮೂರನೆಯ ರಸ್ತೆಯ ಕೊನೆಯ ಮನೆಯಲ್ಲಿ, ಕೆಳಗಿನ ಅಂತಸ್ತಿನಲ್ಲಿ ನಾವು ಬಾಡಿಗೆಗಿದ್ದೆವು. ನನ್ನ ಮಗಳು ಅಂಬೆಗಾಲಿಟ್ಟದ್ದು ಆ ಮನೆಯಲ್ಲಿ. ಅವಳು ಓದಲು ಮಂಗಳೂರಿಗೆ ಹೊರಟಾಗ ಸೂಟ್‌ಕೇಸು ಎಳೆದುಕೊಂಡು ಇಳಿದದ್ದೂ ಅದೇ ಮನೆಯ ಮೆಟ್ಟಿಲು.

ಮನೆಯ ಒಡತಿ ಮೇಲಿನ ಅಂತಸ್ತಿನಲ್ಲಿದ್ದರು. ನಾವು ಹೋದಾಗ ಅವರ ಗಂಡ ಬದುಕಿದ್ದರು. ಸಂಜೆಯ ಹೊತ್ತು ಗೇಟಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತು ದಾರಿಯಲ್ಲಿ ಹೋಗುವವರಿಗೆಲ್ಲ ಸಲಾಂ ಹೇಳುವ ಮನುಷ್ಯ. ಒಡತಿಯನ್ನು ನಾವು ‘ಉಮ್ಮಾ’ ಎಂದೇ ಕರೆಯುತ್ತಿದ್ದೆವು. ನನಗೆ ಆ ಶಬ್ದ ಹೊಸದಲ್ಲ, ಊರಿನಲ್ಲಿ ಪಕ್ಕದ ಬ್ಯಾರಿ ಮನೆಯ ಮಕ್ಕಳು ತಾಯಿಯನ್ನು ಕರೆಯುತ್ತಿದ್ದದ್ದು ಹಾಗೆಯೇ. ಉಮ್ಮನ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. ಅವರು ನನ್ನನ್ನು ‘ಬಿಂತಿ’ ಎನ್ನುತ್ತಿದ್ದರು, ನನ್ನ ಮಗಳೇ ಎಂದು ಅರ್ಥ. ಈ ದೇಶದ ಹೆಂಗಸರು ಎಷ್ಟೋ ಜನರನ್ನು ಹಾಗೆ ಕರೆಯುತ್ತಾರೆಂದು ಗೊತ್ತಿದ್ದರೂ, ಮೊದಲ ಸಲ ಕೇಳಿದ ದಿನ ಗಂಡ ಕೆಲಸದಿಂದ ಬಂದ ಕೂಡಲೇ ಅವರಿಗೆ ಹೇಳಿಕೊಂಡಿದ್ದೆ.

ಆ ಮನೆಯಲ್ಲಿ ಬದುಕುವುದನ್ನು ನನಗೆ ಕಲಿಸಿದವರು ಅವರು. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕೈ ಸುಡುತ್ತದೆ. ಆಗ ಗೀಸರಿನ ಸ್ವಿಚ್ಚು ಆರಿಸಿಬಿಟ್ಟು ಬಿಸಿನೀರಿನ ನಲ್ಲಿಯನ್ನು ತಿರುಗಿಸಬೇಕು, ಮನೆಯೊಳಗೆ ನಿಂತು ಆರಿದ ನೀರು ಅದರಲ್ಲಿ ಬರುತ್ತದೆ. ನಾನು ನೀರುದೋಸೆ ಎರೆದು ತಟ್ಟೆಯಲ್ಲಿಟ್ಟು ಮೇಲೆ ಕಳಿಸಿದರೆ, “ನಮ್ಮ ರಖಾಲ್ ರೊಟ್ಟಿಗೆ ಜ್ವರ ಬಂದ ಹಾಗಿದೆ, ಗರಿಗರಿಯೇ ಇಲ್ಲ” ಎಂದು ನಗುತ್ತಲೇ ಅಷ್ಟನ್ನೂ ತಿನ್ನುತ್ತಿದ್ದರು. ರಂಜಾನಿನಲ್ಲಿ ಅವರ ಮನೆಯ ಹರೀಸು ನಮಗೆ ಇಳಿದು ಬರುತ್ತಿತ್ತು. ಗೋಧಿ, ಮಾಂಸ ಎರಡೂ ಗುರುತು ಸಿಗದಂತೆ ಬೆಂದು ಒಂದಾದ ಬಿಸಿ ಗಂಜಿ, ಮೇಲೆ ತುಪ್ಪ.

ನಡುಕೋಣೆಯ ಕಿಟಕಿಗಳ ಮೇಲ್ಭಾಗದಲ್ಲಿ ಬಣ್ಣದ ಗಾಜುಗಳಿದ್ದವು. ಮಧ್ಯಾಹ್ನ ಇಳಿಯುವಾಗ ನೆಲದ ಮೇಲೆ ಕೆಂಪು, ಹಸಿರು, ಹಳದಿ ಬೆಳಕು ಬೀಳುತ್ತಿತ್ತು. ಮಗಳು ಸಣ್ಣವಳಿದ್ದಾಗ ಶಾಲೆಯಿಂದ ಬಂದು ಸಾಕ್ಸು ಕಿತ್ತು ಆ ಬೆಳಕಿನಲ್ಲಿ ಕಾಲಿಟ್ಟು ಕೂರುತ್ತಿದ್ದಳು. “ಊಟ ಮಾಡು ಬಾ ಮಗಾ” ಎಂದರೆ “ಮೈ ಲೆಗ್ ಈಸ್ ಸ್ಟಿಲ್ ಗ್ರೀನ್, ಅಮ್ಮಾ” ಎನ್ನುತ್ತಿದ್ದಳು. ಊರಿನ ಯಾವ ಮನೆಯ ಬಗ್ಗೆಯೂ ನನಗೆ ಇಷ್ಟು ವಿವರವಾಗಿ ಹೇಳಲು ಬರುವುದಿಲ್ಲ.

ಉಮ್ಮನ ಗಂಡ ತೀರಿಕೊಂಡ ಮೇಲೆ, ಬರ್ಕಾದಲ್ಲಿ ತೋಟದ ಮನೆ ಕಟ್ಟಿಸಿದ್ದ ಮಗ ತಾಯಿಯನ್ನು ಕರೆದುಕೊಂಡು ಹೋದ. ಮೇಲಿನ ಅಂತಸ್ತಿಗೆ ಬೀಗ ಬಿತ್ತು. ಅಷ್ಟರಲ್ಲಿ ರಸ್ತೆಯ ಉಳಿದ ಮನೆಯವರೂ ಒಬ್ಬೊಬ್ಬರಾಗಿ ಹೊರಟಿದ್ದರು. ಕೆಲವರು ಬರ್ಕಾಕ್ಕೆ, ಕೆಲವರು ಅಲ್ ಅಮೇರಾತ್‌ನ ಹೊಸ ನಿವೇಶನಗಳಿಗೆ. ಬಿಟ್ಟುಹೋದ ಮನೆಗಳನ್ನು ದಲ್ಲಾಳಿಗಳು ಹಿಡಿದರು. ಹಜಾರಗಳನ್ನು ಜಿಪ್ಸಮ್ ಹಲಗೆಯಿಂದ ಸೀಳಿ ಕೋಣೆ ಮಾಡಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟರು. ಒಂದೊಂದು ಗೋಡೆಯಿಂದಲೂ ಸಾಲಾಗಿ ಎ.ಸಿ. ಪೆಟ್ಟಿಗೆಗಳು ಹೊರಚಾಚಿದವು. ಕಾರುಗಳು ಫುಟ್‌ಪಾತ್ ಏರಿದವು. ಕಸದ ಡಬ್ಬಿ ತುಂಬಿ ಬೆಕ್ಕುಗಳ ಪಾಲಾಯಿತು.

ಆ ಮಕ್ಕಳ ಮೇಲೆ ನನಗೆ ಕೋಪವಿರಲಿಲ್ಲ. ದೂರದ ಊರುಗಳಿಂದ ಬಂದ ಹುಡುಗಿಯರು ಎದುರು ಮನೆಯಲ್ಲಿದ್ದರು, ಉಪ್ಪೋ ಈರುಳ್ಳಿಯೋ ಬೇಕಾದಾಗ ಬಾಗಿಲು ತಟ್ಟುತ್ತಿದ್ದರು. ಆದರೆ ಪರೀಕ್ಷೆ ಮುಗಿಯುತ್ತಲೇ ಅವರು ಹೊರಟುಬಿಡುವರು, ಮುಂದಿನ ಸಲ ಬರುವವರು ಬೇರೆ. ಬೇಸಿಗೆ ರಜೆಯಲ್ಲಿ ಇಡೀ ರಸ್ತೆಯಲ್ಲಿ ದೀಪ ಉರಿಯುವುದು ನಮ್ಮ ಮನೆಯದ್ದು ಮಾತ್ರ.

ಇದನ್ನೆಲ್ಲ ನೋಡಿಯೇ ವಿಶ್ವವಿದ್ಯಾಲಯ ಆ ಯೋಜನೆ ತಂದದ್ದು. ಅಲ್ಲಿ ಕೆಲಸ ಮಾಡುವ ಯಾರೇ ಆ ವಸತಿಯಲ್ಲಿ ಹಳೆಯ ಮನೆಯೊಂದನ್ನು ಕೊಂಡು ಸಂಸಾರ ಸಮೇತ ವಾಸಕ್ಕೆ ಬಂದರೆ, ಮೊದಲು ಕಟ್ಟಬೇಕಾದ ಹಣದ ದೊಡ್ಡ ಪಾಲನ್ನು ವಿಶ್ವವಿದ್ಯಾಲಯವೇ ಕೊಡುತ್ತದೆ. ಅದು ಸಾಲವಲ್ಲ, ಸಹಾಯಧನ. ಷರತ್ತು ಒಂದೇ: ಅವರೇ ಅಲ್ಲಿ ಇರಬೇಕು. ಬಾಡಿಗೆಗೆ ಕೊಟ್ಟರೆ ಹಣ ಮರಳಿಸಬೇಕು. ಬಂದವರನ್ನು ಕೂರಿಸಿ ಇದನ್ನು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು, ಏಕೆಂದರೆ ಆ ವಸತಿಯ ಮೂಲೆಮೂಲೆ ಗೊತ್ತಿದ್ದವಳು ಕಚೇರಿಯಲ್ಲಿ ನಾನೊಬ್ಬಳೇ.

ಮೊದಲ ದಿನ ನಮ್ಮ ವಿಭಾಗದ ಮುಖ್ಯಸ್ಥರು ಯೋಜನೆಯನ್ನು ಓದಿ ಹೇಳಿದಾಗ ನನ್ನ ಬಾಯಿಂದ ಮಾತು ಜಾರಿಬಿಟ್ಟಿತು.

“ಸರ್, ಯಾರೇ ಅಂದರೆ ನಾವೂ?”

ಅವರು ಒಮಾನಿ, ಮೃದು ಮನುಷ್ಯ. ಸ್ವಲ್ಪ ಹೊತ್ತು ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿದರು. “ಸಿಸ್ಟರ್, ನನ್ನ ಕೈಯಲ್ಲಿದ್ದರೆ ಮೊದಲ ಮನೆ ನಿಮಗೇ. ಆದರೆ ಜಮೀನಿನ ಕಾನೂನು ನಿಮಗೆ ಗೊತ್ತಲ್ಲ.”

ಗೊತ್ತಿತ್ತು. ಕಡಲ ಬದಿಯ ಕೆಲವು ದುಬಾರಿ ಕಾಲೊನಿಗಳನ್ನು ಬಿಟ್ಟರೆ ಇಲ್ಲಿ ಹೊರದೇಶದವರು ಮನೆ ಕೊಳ್ಳುವಂತಿಲ್ಲ. ಬಂದ ದಿನದಿಂದ ಗೊತ್ತಿದ್ದ ವಿಷಯ. ಆದರೂ ಆ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ, ಇಷ್ಟು ವರ್ಷ ನನ್ನದು ಅಂದುಕೊಂಡಿದ್ದ ಹೊಸ್ತಿಲು ಸ್ವಲ್ಪ ಆಚೆ ಸರಿದ ಹಾಗೆ ಅನಿಸಿತು.

ಗಂಡನಿಗೆ ಹೇಳಿದೆ. ಅವರು ಟಿ.ವಿ.ಯಿಂದ ಕಣ್ಣು ತೆಗೆಯದೆ, “ನಿಂಗೆ ಎಂಥ ಮಾರಾಯ್ತಿ, ಇದು ಇವತ್ತು ಗೊತ್ತಾದ್ದಾ? ನಮ್ದು ಊರಲ್ಲಿ ಉಂಟಲ್ಲ ಫ್ಲಾಟು” ಎಂದರು.

ಉಂಟು. ಊರಿನ ಒಂದು ಕಾಲೇಜಿನ ಹತ್ತಿರ, ಮೂರನೆಯ ಮಹಡಿಯಲ್ಲಿ. ಇಬ್ಬರ ದುಡಿಮೆಯೂ ಸೇರಿ ಕೊಂಡದ್ದು. ಗೃಹಪ್ರವೇಶದ ಹಾಲು ಉಕ್ಕಿಸಿದ ರಾತ್ರಿ ಅಲ್ಲಿ ಚಾಪೆ ಹಾಸಿ ಮಲಗಿದ್ದು ಬಿಟ್ಟರೆ ನಾವು ಅಲ್ಲಿ ಇದ್ದದ್ದೇ ಇಲ್ಲ.

ಅದೇ ಚಳಿಗಾಲದಲ್ಲಿ ಉಮ್ಮ ಬರ್ಕಾದಿಂದ ಫೋನು ಮಾಡಿದರು. “ಬಿಂತಿ, ಶುಕ್ರವಾರ ಊಟಕ್ಕೆ ಬನ್ನಿ. ಮಾತಾಡಲಿಕ್ಕಿದೆ.”

ನಾವು ಹೋದೆವು. ನಿಂಬೆ ಗಿಡಗಳ ನಡುವಿನ ದೊಡ್ಡ ಹೊಸ ಮನೆ. ಹೊಳೆಯುವ ನೆಲದ ಮೇಲೆ ಉಮ್ಮ ಇನ್ನೂ ಜಾಗ ಗೊತ್ತಾಗದವರಂತೆ ಗೋಡೆ ಹಿಡಿದು ನಡೆಯುತ್ತಿದ್ದರು. ಊಟವಾದ ಮೇಲೆ ಗಂಡಸರು ಅತಿಥಿಗಳನ್ನು ಕೂರಿಸುವ ಮಜ್ಲಿಸ್ ಕೋಣೆಗೆ ಹೋದರು. ಉಮ್ಮ ನನ್ನನ್ನು ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು.

“ಮಗ ಮನೆ ಮಾರ್ತಾನಂತೆ. ದಲ್ಲಾಳಿ ಬಂದಿದ್ದ. ಅಳತೆಪಟ್ಟಿ ತಂದಿದ್ದ. ನನ್ನ ಹಜಾರದಲ್ಲಿ ನಾಲ್ಕು ಕೋಣೆ ಮಾಡ್ತಾನಂತೆ.” ಅವರು ಬೆರಳುಗಳನ್ನು ಕತ್ತರಿಯಂತೆ ಆಡಿಸಿದರು. “ನೀನು ತಗೋ ಬಿಂತಿ. ನಿನಗೆ ಕೊಟ್ಟರೆ ನನಗೆ ನಿದ್ದೆ ಬರ್ತದೆ.”

“ಉಮ್ಮಾ, ನಾವು ತಗೊಳ್ಳುವ ಹಾಗಿಲ್ಲ. ಕಾನೂನು ಇಲ್ಲ.”

“ಇಷ್ಟು ವರ್ಷ ಇದ್ದೀಯಲ್ಲ?”

“ಇರಬಹುದು. ತಗೊಳ್ಳಲಿಕ್ಕಾಗೋದಿಲ್ಲ.”

ಅವರಿಗೆ ಇದು ಗೊತ್ತಿರಲಿಲ್ಲವೋ ಮರೆತಿದ್ದರೋ, ನನ್ನ ಮುಖವನ್ನೇ ನೋಡಿದರು. ಆಮೇಲೆ ಕೇಳಿದರು: “ನಿನ್ನ ಊರಿನಲ್ಲಿ ನಿನ್ನದೊಂದು ಮನೆ ಇದೆ ಅಂದಿದ್ದೆ. ಅದರಲ್ಲಿ ಯಾರಿದ್ದಾರೆ?”

“ಕಾಲೇಜು ಹುಡುಗರು, ಉಮ್ಮಾ. ಬಾಡಿಗೆಗೆ.”

ಅವರು ಹೊಟ್ಟೆ ಅಲುಗುವಂತೆ ನಕ್ಕರು. ನನಗೂ ನಗು ಬಂತು. ನಗುತ್ತಲೇ ಅವರ ಕಣ್ಣು ತುಂಬಿತು. ಮುಸುಕಿನ ಅಂಚಿನಿಂದ ಒರೆಸಿಕೊಂಡು ನನ್ನ ಕೈ ಹಿಡಿದರು. “ಹಾಗಾದರೆ ನೀನೇ ಯಾರನ್ನಾದರೂ ಹುಡುಕಿಕೊಡು. ಒಲೆ ಹಚ್ಚುವವರು, ಮಕ್ಕಳನ್ನು ಬೈಯುವವರು ಇರಬೇಕು. ಕಡಿಮೆಗೆ ಕೊಟ್ಟರೂ ಪರವಾಗಿಲ್ಲ, ಮಗನಿಗೆ ನಾನು ಹೇಳ್ತೇನೆ.” “ಹುಡುಕ್ತೇನೆ ಉಮ್ಮಾ” ಎಂದೆ.

ಮರಳಿ ಬರುವಾಗ ಹೆದ್ದಾರಿಯಲ್ಲಿ ಗಂಡನಿಗೆ ಎಲ್ಲ ಹೇಳಿದೆ.

“ಅಲ್ಲ, ದಲ್ಲಾಳಿ ತಗೊಂಡ್ರೂ ನಾವು ಜಾಗ ಖಾಲಿ ಮಾಡ್ಬೇಕು. ಬೇರೆಯವ್ರು ತಗೊಂಡ್ರೂ ಖಾಲಿ ಮಾಡ್ಬೇಕು. ಅಲ್ವಾ?” ಎಂದರು.

“ಹೌದು.”

“ಮತ್ತೆ ನೀನ್ಯಾಕೆ ಹುಡುಕ್ಲಿಕ್ಕೆ ಹೋಗುದು? ನಮ್ಮನ್ನು ಹೊರಗೆ ಹಾಕುವವ್ರನ್ನು ನಾವೇ ಕರ್ಕೊಂಡು ಬರುದಾ?”

ಆ ಬಣ್ಣದ ಗಾಜಿನ ಕಿಟಕಿಗೆ ಅಡ್ಡವಾಗಿ ಜಿಪ್ಸಮ್ ಹಲಗೆ ನಿಂತದ್ದು ಮಾತ್ರ ಕಣ್ಣ ಮುಂದೆ ಬರುತ್ತಿತ್ತು. ಅರ್ಧ ಗಾಜು ಒಬ್ಬರ ಕೋಣೆಗೆ, ಇನ್ನರ್ಧ ಇನ್ನೊಬ್ಬರ ಕೋಣೆಗೆ.

ನಮ್ಮ ಕಟ್ಟಡದ ಕೆಳಗಿನ ಪ್ರಯೋಗಾಲಯದಲ್ಲಿ ಒಬ್ಬ ಒಮಾನಿ ಹುಡುಗಿ ಟೆಕ್ನೀಷಿಯನ್ ಆಗಿದ್ದಳು. ಮದುವೆಯಾಗಿ ಒಂದೆರಡು ವರ್ಷ ಆಗಿರಬಹುದು. ಗಂಡನ ಮನೆ ಸುವೈಕ್‌ನಲ್ಲಿ. ಅಲ್ಲಿಂದ ದಿನಾ ಕಾರಿನಲ್ಲಿ ಬಂದುಹೋಗುತ್ತಿದ್ದಳು. ಬೆಳಗಿನ ನಮಾಜು ಮುಗಿಸಿ ಹೊರಟರೆ ಕಚೇರಿ ಹೊತ್ತಿಗೆ ತಲುಪುವಷ್ಟು ದೂರ. ಆಗ ಅವಳು ತುಂಬು ಬಸುರಿ. ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ವಿಭಾಗದ ಸೋಫಾದಲ್ಲಿ ಗೋಡೆಗೆ ತಲೆಕೊಟ್ಟು ನಿದ್ದೆ ಹೋಗುತ್ತಿದ್ದಳು. ಯೋಜನೆಯ ಸುದ್ದಿ ಕೇಳಿ ಬಂದು ವಿಚಾರಿಸಿದ್ದಳು ಕೂಡ. ಆದರೆ ಅವಳು ನೋಡಿದ ಮನೆಗಳೆಲ್ಲ ಆಗಲೇ ಕೋಣೆಕೋಣೆಯಾಗಿ ಒಡೆದುಹೋಗಿದ್ದವು. “ಅವನ್ನು ಮತ್ತೆ ಮನೆ ಮಾಡಲಿಕ್ಕೆ ಇನ್ನೊಂದು ಮನೆಯಷ್ಟು ಖರ್ಚು, ಸಿಸ್ಟರ್” ಎಂದು ಕೈ ಚೆಲ್ಲಿದ್ದಳು.

ಒಂದು ಮಧ್ಯಾಹ್ನ ಅವಳು ಹಾಗೆ ನಿದ್ದೆ ಹೋಗಿದ್ದಾಗ, ಮಡಿಲಿನಲ್ಲಿದ್ದ ಕಾರಿನ ಕೀ ಜಾರಿ ನೆಲಕ್ಕೆ ಬಿತ್ತು. ಅವಳಿಗೆ ಎಚ್ಚರವಾಗಲಿಲ್ಲ. ನಾನು ಎತ್ತಿ ಮೇಜಿನ ಮೇಲಿಟ್ಟೆ. ಅವಳ ಕಾಲುಗಳು ಊದಿದ್ದವು, ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು. ಆ ಹೊತ್ತಿಗೆ ನನ್ನ ಮನಸ್ಸು ಗಟ್ಟಿಯಾಯಿತು. ಸಂಜೆ ಗಂಡನಿಗೆ ಹೇಳಿದಾಗ ಅವರು ವಾದ ಮಾಡಲಿಲ್ಲ. “ಉಮ್ಮನಿಗೆ ಮಾತು ಕೊಟ್ಟದ್ದು ನೀನು, ನಿನ್ನಿಷ್ಟ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಶಬ್ದ ಮಾಡ್ತದೆ. ಅವ್ರು ಬರುವ ಮೊದ್ಲು ಸರಿ ಮಾಡಿ ಇಡ್ತೇನೆ” ಎಂದರು.

ಅವಳನ್ನೂ ಅವಳ ಗಂಡನನ್ನೂ ಒಂದು ಶನಿವಾರ ಕರೆದುಕೊಂಡು ಬಂದೆ. ಮನೆ ನನ್ನದೆಂದು, ಅಂದರೆ ನಾವು ಇರುವ ಮನೆಯೆಂದು, ಹೇಳಿರಲಿಲ್ಲ. ಹೇಳಿದ್ದರೆ ಅವಳು ನೋಡಲು ಒಪ್ಪುತ್ತಿರಲಿಲ್ಲ. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನದಂತೆ ಬೆಳಿಗ್ಗೆಯಿಂದ ನೆಲ ಒರೆಸಿದ್ದೆ, ಪರದೆ ಒಗೆದು ಹಾಕಿದ್ದೆ. ಯಾಕೆ ಅಷ್ಟು ಮಾಡಿದೆನೋ. ಆ ಮನೆ ಚೆನ್ನಾಗಿ ಕಾಣಬೇಕು ಅನ್ನುವ ಆಸೆಯೊಂದು ಎಲ್ಲಕ್ಕಿಂತ ಮುಂದೆ ನಿಂತುಬಿಟ್ಟಿತ್ತು.

ಮೇಲಿನ ಅಂತಸ್ತು ತೋರಿಸಿದೆ, ತಾರಸಿ ತೋರಿಸಿದೆ. ಹಿಂದಿನ ಬಾಗಿಲು ಎಲ್ಲಿ ಉಜ್ಜುತ್ತದೆ, ವಾದಿಯಲ್ಲಿ ದೊಡ್ಡ ನೀರು ಬಂದ ವರ್ಷ ಅದು ಯಾವ ಮೆಟ್ಟಿಲವರೆಗೆ ಏರಿತ್ತು, ಚಳಿಗಾಲದಲ್ಲಿ ಯಾವ ಕಿಟಕಿ ತೆರೆದರೆ ಗಾಳಿ ಮನೆಯೊಳಗೆಲ್ಲ ಓಡಾಡುತ್ತದೆ, ಎಲ್ಲ ಹೇಳಿದೆ. ಅವಳ ಗಂಡ ಮೀಟರುಗಳನ್ನು ನೋಡಲು ಹೊರಗೆ ಹೋದ. ಹುಡುಗಿ ಕೆಳಗಿನ ನಡುಕೋಣೆಯ ನಡುವೆ ನಿಂತಳು. ಹೊತ್ತು ಇಳಿಯುತ್ತಿತ್ತು. ಅವಳ ಕಪ್ಪು ಅಬಾಯದ ಮೇಲೆ ಹಸಿರು ಬೆಳಕು ಬಿದ್ದಿತ್ತು. ಅವಳು ಅದನ್ನು ಗಮನಿಸಿರಲಿಲ್ಲ. ಗೋಡೆಯ ಮೇಲಿದ್ದ ನನ್ನ ಮಗಳ ಚಿತ್ರವನ್ನು ನೋಡುತ್ತಿದ್ದಳು.

“ಸಿಸ್ಟರ್, ಇದು ನಿಮ್ಮ ಮಗಳಲ್ಲವಾ? ನಿಮ್ಮ ಮೇಜಿನ ಮೇಲೂ ಇದೇ ಫೋಟೋ ಇದೆ.”

“ಹೌದು.”

“ಇದು ನಿಮ್ಮ ಮನೆ.”

“ಉಮ್ಮನ ಮನೆ. ನಾವು ಬಾಡಿಗೆಗಿದ್ದೇವೆ.”

ಅವಳು ಮೆಲ್ಲಗೆ ಕುರ್ಚಿಯ ಮೇಲೆ ಕೂತಳು. “ನಾವು ತಗೊಂಡರೆ ನೀವು ಎಲ್ಲಿಗೆ ಹೋಗ್ತೀರಿ?”

“ಎಲ್ಲಾದರೂ. ಅಲ್ ಅಮೇರಾತ್‌ನಲ್ಲಿ ಫ್ಲಾಟುಗಳಿವೆ.”

“ಬೇಡ ಸಿಸ್ಟರ್. ನಾನು ಬೇರೆ ಕಡೆ ನೋಡ್ತೇನೆ.”

“ನೀನು ತಗೊಳ್ಳದಿದ್ದರೆ ದಲ್ಲಾಳಿ ತಗೊಳ್ತಾನೆ. ಹೇಗೂ ನಾವು ಹೋಗಲೇಬೇಕು. ಹೋಗುವಾಗ ಕೀ ನಿನ್ನ ಕೈಯಲ್ಲಿ ಕೊಟ್ಟು ಹೋದರೆ ನನಗೆ ಸಮಾಧಾನ.”

ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ತಲೆ ತಗ್ಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಆಮೇಲೆ ಕೇಳಿದಳು, “ಮಗುವನ್ನು ಮಲಗಿಸಲಿಕ್ಕೆ ಯಾವ ಕೋಣೆ ಒಳ್ಳೆಯದು?”

ನಾನು ತೋರಿಸಿದೆ.

ಕೆಲಸ ಅಷ್ಟಕ್ಕೆ ಮುಗಿಯಲಿಲ್ಲ. ದಲ್ಲಾಳಿ ಇನ್ನೂ ಹೆಚ್ಚು ಕೊಡುತ್ತೇನೆಂದು ಉಮ್ಮನ ಮಗನಿಗೆ ಆಸೆ ಹಚ್ಚಿದ. ಮಗ ತೂಗಾಡತೊಡಗಿದ. ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಶಬ್ದಕ್ಕೆ ತೆರೆದರೆ ಉಮ್ಮ. ಮೊಮ್ಮಗನ ಕಾರಿನಲ್ಲಿ ಬರ್ಕಾದಿಂದ ಬಂದಿದ್ದರು. ಹಿಂದೆಯೇ ಇನ್ನೊಂದು ಕಾರಿನಲ್ಲಿ ಮಗ. ಉಮ್ಮ ನಡುಕೋಣೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟರು.

“ಮಾರಿದ ಮೇಲೂ ನಾನು ಇಲ್ಲೇ ಇರ್ತೇನೆ. ನಿನ್ನ ದಲ್ಲಾಳಿ ನನ್ನನ್ನು ಸೇರಿಸಿ ಕೋಣೆ ಮಾಡಲಿ” ಎಂದರು ಮಗನಿಗೆ. ಅರಬ್ಬಿಯಲ್ಲಿ ಹೇಳಿದ್ದು, ನನಗೂ ತಿಳಿಯುವಷ್ಟು ನಿಧಾನವಾಗಿ ಹೇಳಿದರು.

ಮಗ ನನ್ನ ಕಡೆ ನೋಡಿದ. ಅವನೂ ಆ ಮನೆಯಲ್ಲಿ ಬೆಳೆದವನು, ಬಹಳ ದಿನಗಳ ಮೇಲೆ ಒಳಗೆ ಬಂದಿದ್ದ. ಸೂರು, ಕಿಟಕಿ, ಬಾಗಿಲ ಚೌಕಟ್ಟು ಒಂದೊಂದನ್ನೇ ನೋಡುತ್ತ ಹೋದ. ಅಪ್ಪ ಕುರ್ಚಿ ಹಾಕುತ್ತಿದ್ದ ಗೇಟಿನವರೆಗೂ ಹೋಗಿ ಬಂದ. ನಾನು ಚಹಾ ಮಾಡಿ ಕೊಟ್ಟೆ. ಚಹಾ ಕುಡಿದು ಲೋಟ ಕೆಳಗಿಟ್ಟು, “ಖಲಾಸ್, ಉಮ್ಮಾ, ಮಾತು ಮುಗಿಯಿತು. ಆ ಹುಡುಗಿಗೇ ಕೊಡುವ” ಎಂದ.

ಕಚೇರಿಯಲ್ಲಿ ಸಹಾಯಧನದ ಮಾತುಕತೆಗೆ ಅವಳು ಬಂದ ದಿನ ಮುಖ್ಯಸ್ಥರು ನನ್ನನ್ನು ಪಕ್ಕಕ್ಕೆ ಕರೆದು, “ಬೇಕಾದರೆ ಇವತ್ತು ಬೇರೆ ಯಾರಾದರೂ ಕೂರಲಿ” ಎಂದರು. ನಾನು ಬೇಡವೆಂದೆ. ಅವಳು ಗಂಡನ ಜೊತೆ ನನ್ನೆದುರು ಕೂತಳು.

“ಕೊಂಡ ಮೇಲೆ ಆ ಮನೆಯಲ್ಲಿ ನೀವೇ ವಾಸ ಇರ್ತೀರಾ?” ಎಂದು ಕೇಳಿದೆ. ದನಿ ಎಂದಿನಂತೆಯೇ ಬಂತು.

“ಇರ್ತೇವೆ. ಇನ್‌ಶಾ ಅಲ್ಲಾ, ನಾವೇ ಇರ್ತೇವೆ” ಎಂದಳು. ಅದನ್ನು ಅವಳು ವಿಶ್ವವಿದ್ಯಾಲಯಕ್ಕೆ ಹೇಳಲಿಲ್ಲ, ನನಗೆ ಹೇಳಿದಳು.

ನಾವು ಅಲ್ ಅಮೇರಾತ್‌ನಲ್ಲಿ ಎರಡು ಬೆಡ್‌ರೂಮಿನ ಫ್ಲಾಟು ಹಿಡಿದೆವು. ನಾಲ್ಕನೆಯ ಮಹಡಿ. ಕಿಟಕಿ ತೆಗೆದರೆ ಬೋಳು ಕಂದು ಗುಡ್ಡ, ಕೆಳಗೆ ಟೈರಿನ ಅಂಗಡಿ, ಕರಕ್ ಚಹಾದ ಅಂಗಡಿ. ಮನೆ ಖಾಲಿ ಮಾಡಿದ ದಿನ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಪಿಕಪ್‌ನವನು ಅವಸರ ಮಾಡುತ್ತಿದ್ದ, “ಯಲ್ಲಾ, ಯಲ್ಲಾ” ಎನ್ನುತ್ತಿದ್ದ. ಫ್ರಿಜ್ಜು ಬಾಗಿಲಿನಲ್ಲಿ ಸಿಕ್ಕಿಕೊಂಡಿತು, ಗಂಡ ಬೈದರು. ಗೋಡೆಯಲ್ಲಿ ನಮ್ಮ ಕಪಾಟು ನಿಂತಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಕೊನೆಗೊಮ್ಮೆ ಒಳಗೆ ಹೋಗಿ ಬರೋಣವೆಂದುಕೊಂಡೆ. ಹೋಗಲಿಲ್ಲ. ಹೋದರೆ ಹೊರಗೆ ಬರುವುದು ಕಷ್ಟ ಅನಿಸಿತು.

ಹಂಬಲ ಬಂದದ್ದು ಆಮೇಲೆ, ಅದೂ ನಾನು ಎಣಿಸದ ಕಡೆಗಳಿಂದ. ಹೊಸ ಅಡುಗೆಮನೆಯಲ್ಲಿ ಲೈಟು ಹಾಕಲು ಕೈ ಎಡಗಡೆಗೆ ಹೋಗುತ್ತಿತ್ತು, ಸ್ವಿಚ್ಚು ಇರುವುದು ಬಲಗಡೆ. ಲಿಫ್ಟಿನಲ್ಲಿ ಪಕ್ಕದ ಫ್ಲಾಟಿನ ಮಂಗಳೂರು ಕೊಂಕಣಿ ಬಾಯಮ್ಮ “ನಿಮ್ಮದು ಊರಲ್ಲಿ ಎಲ್ಲಿ?” ಎಂದು ಕೇಳಿದಾಗ, ಊರಿನ ಹೆಸರಿಗೆ ಮೊದಲು ಆ ಮೂರನೆಯ ರಸ್ತೆ ನಾಲಗೆಯ ತುದಿಗೆ ಬಂತು. ಮಗಳು ಹಾಸ್ಟೆಲಿನಿಂದ ವಿಡಿಯೊ ಕಾಲ್ ಮಾಡಿದವಳು, “ಶೋ ಮೀ ಮೈ ರೂಮ್” ಎಂದಳು. ಹೊಸ ಫ್ಲಾಟಿನ ಸಣ್ಣ ಕೋಣೆ ತೋರಿಸಿದೆ. “ದಿಸ್ ಈಸ್ ನಾಟ್ ಮೈ ರೂಮ್, ಅಮ್ಮಾ” ಎಂದಳು. ಆಮೇಲೆ ಇಬ್ಬರೂ ಹಾಸ್ಟೆಲಿನ ಊಟದ ಬಗ್ಗೆ ಮಾತಾಡಿದೆವು.

ಗಲ್ಫಿಗೆ ಬಂದವರು ಊರಿಗಾಗಿ ಹಂಬಲಿಸುತ್ತಾರೆ ಎನ್ನುತ್ತಾರೆ. ನಾನೂ ಮೊದಮೊದಲು ಮಳೆಗಾಗಿ, ಅಮ್ಮನಿಗಾಗಿ ಅತ್ತಿದ್ದೇನೆ. ಆದರೆ ಅದಕ್ಕೆಲ್ಲ ಹೆಸರಿದೆ, ಹೇಳಿಕೊಂಡರೆ ಕೇಳುವವರಿದ್ದಾರೆ. ಪರದೇಶದಲ್ಲಿ ಬಾಡಿಗೆಗಿದ್ದ ಮನೆಗಾಗಿ ಎದೆ ಹಿಂಡುತ್ತದೆಂದು ಯಾರ ಹತ್ತಿರ ಹೇಳುವುದು? ಗಂಡನ ಹತ್ತಿರ ಒಮ್ಮೆ ಹೇಳಿದೆ. ಅವರು ಬಟ್ಟೆ ಮಡಚುತ್ತಿದ್ದವರು ಕೈ ನಿಲ್ಲಿಸಿ, “ನಂಗೂ ಉಂಟು ಮಾರಾಯ್ತಿ. ಅಲ್ಲಿ ಕಾರು ನಿಲ್ಲಿಸಿದ್ರೆ ನೆರಳು ಇತ್ತು” ಎಂದರು. ಅವರಿಗೆ ಹೇಳಲು ಬಂದದ್ದು ಅಷ್ಟು.

ಆ ಹುಡುಗಿಗೆ ಹೆಣ್ಣುಮಗು ಹುಟ್ಟಿತು. ನಲವತ್ತು ದಿನ ಕಳೆದ ಮೇಲೆ ಕರೆದಳು, ನಾವಿಬ್ಬರೂ ಹೋದೆವು. ಗೇಟಿಗೆ ಹೊಸ ಬಣ್ಣ, ಕಡುನೀಲಿ. ಒಳಗೆ ಗೋಡೆಗಳಿಗೂ ಬೇರೆ ಬಣ್ಣ. ನಮ್ಮ ಊಟದ ಮೇಜು ಇದ್ದ ಕಡೆ ನೆಲಕ್ಕೆ ದಪ್ಪ ರತ್ನಗಂಬಳಿ, ಒರಗುದಿಂಬುಗಳು. ಅವಳ ಅತ್ತೆ ಸುವೈಕ್‌ನಿಂದ ಬಂದಿದ್ದರು. ಹಲ್ವಾ, ಖರ್ಜೂರ, ಕಹ್ವಾ ಕಾಫಿ ಮುಂದಿಟ್ಟು ನನ್ನನ್ನು ಮನೆ ನೋಡಲು ಕರೆದೊಯ್ದರು. ಸೊಸೆ ತಡೆಯಲು ಹೋದಳು, ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಆ ಹಿರಿಯ ಹೆಂಗಸು ಕೋಣೆಕೋಣೆಯ ಬಾಗಿಲು ತೆರೆದು, ಇದು ಇಂಥದ್ದು, ಇದು ಇಂಥದ್ದು ಎಂದು ಸಂಭ್ರಮದಿಂದ ತೋರಿಸಿದರು. ನಾನು ಮೊದಲ ಸಲ ನೋಡುತ್ತಿರುವವಳಂತೆ ತಲೆಯಾಡಿಸಿದೆ. ನಿಜಕ್ಕೂ ಒಂದೆರಡು ಕೋಣೆಗಳನ್ನು ನಾನು ಮೊದಲ ಸಲವೇ ನೋಡುತ್ತಿದ್ದೆ, ಅಷ್ಟು ಬದಲಾಗಿದ್ದವು.

ಮಗು ನಾನು ತೋರಿಸಿದ ಕೋಣೆಯಲ್ಲೇ ಮಲಗಿತ್ತು. ಕೈಗೆ ಕೊಟ್ಟರು. ಊದಿನ ಹೊಗೆಯ ವಾಸನೆ ಬರುತ್ತಿದ್ದ ಬೆಚ್ಚಗಿನ ಸಣ್ಣ ತಲೆ. ಹುಡುಗಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು, “ಇಲ್ಲಿಂದ ಲ್ಯಾಬಿಗೆ ನಡೆದುಕೊಂಡೇ ಹೋಗ್ತೇನೆ, ಸಿಸ್ಟರ್. ಹಾಲೂಡಿಸಲಿಕ್ಕೆ ನಡುವೆ ಬಂದು ಹೋಗಬಹುದು.” ಅವಳ ಮುಖದಲ್ಲಿ ನಿದ್ದೆಗೇಡಿತ್ತು, ಆದರೆ ಅದು ಬಾಣಂತಿಯ ನಿದ್ದೆಗೇಡು, ಹೆದ್ದಾರಿಯದ್ದಲ್ಲ. ನನ್ನೊಳಗಿನ ಗಂಟೊಂದು ಸ್ವಲ್ಪ ಸಡಿಲವಾಯಿತು. ಪೂರ್ತಿ ಬಿಚ್ಚಿತು ಎಂದರೆ ಸುಳ್ಳಾಗುತ್ತದೆ.

ಹೊರಗೆ ಬಂದಾಗ ಹಗಲು ಇನ್ನೂ ಉಳಿದಿತ್ತು. ಎದುರು ಮನೆಯನ್ನು ಗಣಿತ ವಿಭಾಗದ ಮೇಷ್ಟ್ರೊಬ್ಬರು ಇದೇ ಸಹಾಯಧನದಿಂದ ಕೊಂಡಿದ್ದರು. ಕೆಲಸದವರು ಒಳಗಿನಿಂದ ಜಿಪ್ಸಮ್ ಹಲಗೆಗಳನ್ನು ಕಿತ್ತು ತಂದು ಗೋಡೆಗೆ ಒರಗಿಸುತ್ತಿದ್ದರು. ಗಂಡ ಕಾರು ತರಲು ರಸ್ತೆಯ ಕೊನೆಯವರೆಗೆ ಹೋಗಿದ್ದರು. ನಾನು ಗೇಟಿನ ಬಳಿ ನಿಂತಿದ್ದೆ. ಏಳೆಂಟು ವರ್ಷದ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ಬಂದು ನನ್ನ ಮುಂದೆ ಒಂದು ಕಾಲು ಊರಿ ನಿಂತಳು. ಮೇಷ್ಟ್ರ ಮಗಳಿರಬೇಕು.

“ಆಂಟಿ, ಯಾರ ಮನೆ ಬೇಕು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. “ಈ ರಸ್ತೆಯಲ್ಲಿ ಎಲ್ಲರೂ ನನಗೆ ಗೊತ್ತು.”

“ಯಾರದ್ದೂ ಬೇಡ ಮಗಾ. ಬಂದ ಕೆಲಸ ಆಯ್ತು” ಎಂದೆ.

ಅವಳು ತಲೆಯಾಡಿಸಿ ಪೆಡಲು ತುಳಿದಳು. ವಾದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಕಾರು ಬಂತು. ಹತ್ತಿ ಕೂತೆ, ಸೀಟ್‌ಬೆಲ್ಟು ಹಾಕಿಕೊಂಡೆ. “ಮಗು ಯಾರ ಹಾಗುಂಟು?” ಎಂದು ಗಂಡ ಕೇಳಿದರು. ತಾಯಿಯ ಹಾಗೆ ಎಂದೆ. ಅಲ್ ಅಮೇರಾತ್‌ನ ಗುಡ್ಡದ ರಸ್ತೆ ಹತ್ತುವವರೆಗೂ ಇಬ್ಬರೂ ಮಗುವಿನ ಮಾತನ್ನೇ ಆಡಿದೆವು.